ಡಾಲ್ಫಿನ್ ಮತ್ತೆ ರಸ್ತೆಗೆ

ಕಾಶಿಯಾತ್ರೆಗೆ ಹೋದ ಕನ್ನಡಿಗರಲ್ಲಿ ಬಿಡುವಿದ್ದವರು ಗಂಗೆ ದಾಟಿ ಆಚೆ ದಡದ ರಾಮನಗರ ಕೋಟೆಗೂ ಹೋಗಿಬರುತ್ತಾರೆ. ಕಾಶಿಯ ಅರಸ ಬಲವಂತ ಸಿಂಗ್ 18ನೇ ಶತಮಾನದ ನಡುವಿನಲ್ಲಿ ಚುನಾರಿನ ಕಲ್ಲು ತರಿಸಿ ಕಟ್ಟಿಸಿದ ಕೋಟೆ ಅದು. ಒಳಗಿನ ವಸ್ತುಸಂಗ್ರಹಾಲಯದಲ್ಲಿ ಪಲ್ಲಕ್ಕಿ, ಅಂಬಾರಿ, ಕತ್ತಿ, ಬಂದೂಕುಗಳ ಜೊತೆಗೆ ರಾಜಮನೆತನದ ಹಳೆಯ ಅಮೆರಿಕನ್ ಕಾರುಗಳೂ ನಿಂತಿವೆ. ಇವತ್ತು ಅವು ಪ್ರದರ್ಶನದ ವಸ್ತುಗಳು. ಬಂದವರು ಒಂದು ಗಳಿಗೆ ನಿಂತು ನೋಡಿ ಮುಂದಕ್ಕೆ ಸಾಗುತ್ತಾರೆ.

ಅದೇ ವಾರಾಣಸಿಯಲ್ಲಿ ಹಳೆಯ ಯಂತ್ರಕ್ಕೆ ಬೇರೆಯದೇ ಗತಿ ಕಾಣಿಸಿದ ಜಾಗವೊಂದಿದೆ. ಅದು ಬನಾರಸ್ ಲೋಕೋಮೋಟಿವ್ ವರ್ಕ್ಸ್. 1964ರಲ್ಲಿ ಮೊದಲ ಡೀಸೆಲ್ ಎಂಜಿನ್ ಹೊರತಂದ ಈ ಕಾರ್ಖಾನೆಯ ಹೆಸರು 2020ರವರೆಗೆ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಎಂದಿತ್ತು. ತಲಾ 2,600 ಅಶ್ವಶಕ್ತಿಯ ಎರಡು ಹಳೆಯ ಡೀಸೆಲ್ ಎಂಜಿನ್‌ಗಳನ್ನು ಇಲ್ಲಿಯ ಕೆಲಸಗಾರರು ಬಿಚ್ಚಿ, 10,000 ಅಶ್ವಶಕ್ತಿಯ ಜೋಡಿ ವಿದ್ಯುತ್ ಎಂಜಿನ್ನಾಗಿ ಪರಿವರ್ತಿಸಿದರು. 2017ರ ಡಿಸೆಂಬರ್ 22ರಂದು ಶುರುವಾದ ಕೆಲಸ 69 ದಿನಗಳಲ್ಲಿ, 2018ರ ಫೆಬ್ರುವರಿ 28ಕ್ಕೆ ಮುಗಿಯಿತು. ಹಳೆಯ ಎಂಜಿನ್ನಿಗೆ ಅರ್ಧ ಆಯುಷ್ಯದಲ್ಲಿ ಮಾಡಬೇಕಾದ ದೊಡ್ಡ ದುರಸ್ತಿಗೆ ತಗಲುವ ವೆಚ್ಚದ ಸುಮಾರು ಅರ್ಧದಲ್ಲೇ ಈ ಪರಿವರ್ತನೆ ಆಯಿತೆಂಬುದು ರೈಲ್ವೆಯ ಲೆಕ್ಕ.

ರಾಜರಿಗೆ ಕೋಟೆಯಿದೆ, ರೈಲ್ವೆಗೆ ಕಾರ್ಖಾನೆಯಿದೆ. ಎರಡೂ ಇಲ್ಲದ, ತಿಂಗಳ ಸಂಬಳದಲ್ಲಿ ಮನೆ ನಡೆಸುವ ಮನುಷ್ಯನೊಬ್ಬ ಶೆಡ್ಡಿನಲ್ಲಿ ಮೂಲೆಗುಂಪಾದ ಕಾರೊಂದನ್ನು ಮತ್ತೆ ಓಡಿಸಲು ಹೊರಟರೆ ಏನೇನು ಬೇಕಾಗುತ್ತದೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಬೆಂಗಳೂರಿಗಿಂತ ಒಳ್ಳೆಯ ಊರಿಲ್ಲ, ಸಿಪಾನಿ ಡಾಲ್ಫಿನ್‌ಗಿಂತ ಒಳ್ಳೆಯ ಉದಾಹರಣೆಯೂ ಇಲ್ಲ.

ಬೆಂಗಳೂರಿನದೇ ಕಾರು

ಬೆಂಗಳೂರಿನಲ್ಲಿ ಒಂದು ಕಾಲಕ್ಕೆ ಕಾರು ತಯಾರಾಗುತ್ತಿತ್ತೆಂದರೆ ಇಂದಿನ ಎಷ್ಟೋ ಹುಡುಗರು ನಂಬುವುದಿಲ್ಲ. 1970ರ ದಶಕದಲ್ಲಿ ಸನ್‌ರೈಸ್ ಆಟೊ ಇಂಡಸ್ಟ್ರೀಸ್ ಎಂಬ ಕಂಪನಿ ‘ಬಾದಲ್’ ಎಂಬ ಮೂರು ಗಾಲಿಯ ಪುಟ್ಟ ಕಾರನ್ನು ಮಾಡಿತು. ಮುಂದೆ ಒಂದೇ ಚಕ್ರ, ಹಿಂದೆ ಎಂಜಿನ್, ಮೈಯೆಲ್ಲ ಫೈಬರ್. ಮುಂದೆ ಸಿಪಾನಿ ಆಟೊಮೊಬೈಲ್ಸ್ ಎಂದು ಹೆಸರು ಬದಲಾಯಿಸಿಕೊಂಡ ಇದೇ ಕಂಪನಿ 1982ರಲ್ಲಿ ನಾಲ್ಕು ಗಾಲಿಯ ಡಾಲ್ಫಿನ್ ಬಿಟ್ಟಿತು. ಮೂಲ ವಿನ್ಯಾಸ ಇಂಗ್ಲೆಂಡಿನ ಟ್ಯಾಮ್‌ವರ್ತ್ ಊರಿನ ರಿಲಯಂಟ್ ಕಂಪನಿಯದು. ಅಲ್ಲಿ ಅದು 1975ರಿಂದ 1982ರವರೆಗೆ ‘ಕಿಟನ್’ ಎಂಬ ಹೆಸರಿನಲ್ಲಿ ಮಾರಾಟವಾಗಿತ್ತು.

ಎರಡು ಬಾಗಿಲು, 848 ಸಿಸಿಯ ನಾಲ್ಕು ಸಿಲಿಂಡರ್ ಎಂಜಿನ್, ನಾಲ್ಕು ಗೇರ್, ಹಿಂದಿನ ಚಕ್ರಗಳಿಗೆ ಚಾಲನೆ, ಉಕ್ಕಿನ ಚಾಸಿಯ ಮೇಲೆ ಫೈಬರ್‌ಗ್ಲಾಸ್ ಮೈ. ಎಂಜಿನ್ನಿನ ಬ್ಲಾಕು, ಹೆಡ್ಡು ಎರಡೂ ಅಲ್ಯೂಮಿನಿಯಮ್. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿಗಳ ಭಾರದ ಮುಂದೆ ಡಾಲ್ಫಿನ್ ಹೂವಿನಷ್ಟು ಹಗುರ. ಸ್ಪೋರ್ಟ್ಸ್ ಕಾರು ಎಂಬುದನ್ನು ಸಿನಿಮಾದಲ್ಲಿ ಮಾತ್ರ ನೋಡುತ್ತಿದ್ದ ಲೈಸೆನ್ಸ್ ಕಾಲದ ಭಾರತದಲ್ಲಿ ಹಗುರವಾದ ಮೈ, ಹಿಂಚಕ್ರದ ತಳ್ಳು, ಚುರುಕು ಸ್ಟೀರಿಂಗ್ ಒಟ್ಟಿಗೆ ಸಿಕ್ಕಿದ್ದು ರ‍್ಯಾಲಿ ಹುಡುಗರಿಗೆ ಹಬ್ಬವಾಯಿತು. ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ‘ಕೆ-1000’ ರ‍್ಯಾಲಿಯ ನಾಡಿನಲ್ಲಿ ಮೋಟಾರ್ ಕ್ರೀಡೆಯ ಹುಚ್ಚಿಗೆ ಕೊರತೆಯೇನೂ ಇರಲಿಲ್ಲ. 1980ರ ದಶಕದ ಮೊದಲರ್ಧದಲ್ಲಿ ಡಾಲ್ಫಿನ್ ದೇಶದ ರ‍್ಯಾಲಿಗಳಲ್ಲಿ ಜನಪ್ರಿಯವಾಗಿತ್ತು.

ಆ ಜನಪ್ರಿಯತೆ ಹೆಚ್ಚು ಕಾಲ ಬಾಳಲಿಲ್ಲ. 1983ರ ಡಿಸೆಂಬರ್ 14ರಂದು ದೆಹಲಿಯಲ್ಲಿ ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀಲಿಯನ್ನು ಗ್ರಾಹಕರೊಬ್ಬರ ಕೈಗಿತ್ತರು. ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಹೋಗಬೇಕಾದವರಿಗೆ ಎರಡು ಬಾಗಿಲಿನ ಫೈಬರ್ ಕಾರಿಗಿಂತ ನಾಲ್ಕು ಬಾಗಿಲಿನ ಮಾರುತಿಯೇ ಹಿತವೆನಿಸಿತು. ಸಿಪಾನಿ ನಾಲ್ಕು ಬಾಗಿಲಿನ ‘ಮೊಂಟಾನಾ’ ತಂದು ನೋಡಿತು, 1990ರ ದಶಕದಲ್ಲಿ ಬ್ರಿಟಿಷ್ ರೋವರ್ ಮಾಂಟೆಗೋವನ್ನೂ ಜೋಡಿಸಿ ಮಾರಿತು. ಕೊನೆಗೆ ಕಾರಿನ ವ್ಯವಹಾರವೇ ನಿಂತಿತು. ಉಳಿದ ಡಾಲ್ಫಿನ್‌ಗಳಿಗೆ ಷೋರೂಮಿಲ್ಲ, ಕಂಪನಿಯ ಬಿಡಿಭಾಗವಿಲ್ಲ.

ಯಾವ ಕಾರನ್ನು ಕೊಳ್ಳಬೇಕು

ಹಳೆಯ ಕಾರು ಎಬ್ಬಿಸುವವರ ಮೊದಲ ಲೆಕ್ಕಾಚಾರ ಹೊರಗಿನವರಿಗೆ ವಿಚಿತ್ರವಾಗಿ ಕಾಣಬಹುದು. ಎಂಜಿನ್ ಜಾಮ್ ಆಗಿದ್ದರೂ ಅವರು ಹೆದರುವುದಿಲ್ಲ. ಮುಂಗಾಜು ಒಡೆದಿದ್ದರೆ, ದೀಪದ ಸುತ್ತಿನ ಪಟ್ಟಿ ಕಳೆದಿದ್ದರೆ, ಬಾಗಿಲ ಒಳಗಿನ ಹಿಡಿಕೆ ಇಲ್ಲದಿದ್ದರೆ ಹಿಂದೆ ಸರಿಯುತ್ತಾರೆ. ಎಂಜಿನ್ ಒಳಗಿನ ಎಷ್ಟೋ ಭಾಗಗಳನ್ನು ಲೇತಿನ ಮೇಲೆ ತಿರುಗಿಸಿ ಮಾಡಿಸಿಕೊಳ್ಳಬಹುದು. ಬಾಗಿದ ಮುಂಗಾಜು ಎಲ್ಲಿಂದ ತರುವುದು? ಅಗ್ಗಕ್ಕೆ ಸಿಕ್ಕ ಅರ್ಧಂಬರ್ಧ ಕಾರಿಗಿಂತ ನಾಲ್ಕು ಕಾಸು ಹೆಚ್ಚು ಕೊಟ್ಟು ಎಲ್ಲ ಭಾಗಗಳೂ ಮೈಮೇಲಿರುವ ಕಾರನ್ನು ಕೊಂಡವರೇ ಕೊನೆಗೆ ಕಡಿಮೆ ಖರ್ಚಿನಲ್ಲಿ ಮುಗಿಸುತ್ತಾರೆ.

ಎರಡನೆಯದು ಚಾಸಿ. ಫೈಬರ್ ಮೈಗೆ ತುಕ್ಕು ಹಿಡಿಯುವುದಿಲ್ಲ, ಹಾಗಾಗಿ ಮೂವತ್ತು ವರ್ಷ ಶೆಡ್ಡಿನಲ್ಲಿದ್ದ ಡಾಲ್ಫಿನ್ ಮೇಲಿನಿಂದ ಗಟ್ಟಿಯಾಗಿಯೇ ಕಾಣುತ್ತದೆ. ಮೋಸವಿರುವುದು ಕೆಳಗೆ. ಉಕ್ಕಿನ ಚಾಸಿಯ ಅಡ್ಡಪಟ್ಟಿಗಳು, ಹಿಂದಿನ ಸ್ಪ್ರಿಂಗ್‌ಪಟ್ಟಿ ಕೂರುವ ಬ್ರಾಕೆಟ್‌ಗಳು, ಬ್ಯಾಟರಿಯ ಆಸಿಡ್ ಸೋರಿದ ಜಾಗ, ಇವನ್ನೆಲ್ಲ ಅನುಭವಿಗಳು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಉಕ್ಕು ‘ಟಣ್’ ಎನ್ನುತ್ತದೆ, ತುಕ್ಕು ತಿಂದದ್ದು ‘ಡಬ್’ ಎನ್ನುತ್ತದೆ. ಬಣ್ಣ, ಸೀಟು, ಸ್ಟೀರಿಯೋ ನೋಡುವುದು ಆಮೇಲೆ. ಆರ್‌ಸಿ ಕೈಯಲ್ಲಿಲ್ಲದ, ಎಂಜಿನ್ ನಂಬರು ತಾಳೆಯಾಗದ ಕಾರನ್ನಂತೂ ಬಿಟ್ಟಿ ಕೊಟ್ಟರೂ ಮುಟ್ಟುವುದಿಲ್ಲ.

ಸೆಲ್ಫ್ ಹೊಡೆಯುವ ಮುನ್ನ

ವರ್ಷಗಟ್ಟಲೆ ನಿಂತ ಕಾರನ್ನು ಮನೆಗೆ ತಂದವರಿಗೆ ಬರುವ ಮೊದಲ ಆಸೆ ಹೊಸ ಬ್ಯಾಟರಿ ಕಟ್ಟಿ ಸೆಲ್ಫ್ ಹೊಡೆದು ನೋಡುವುದು. ಉಳಿಸಬಹುದಾಗಿದ್ದ ಎಷ್ಟೋ ಎಂಜಿನ್‌ಗಳನ್ನು ಈ ಆಸೆಯೇ ಕೊಂದಿದೆ. ಒಣಗಿದ ಸಿಲಿಂಡರಿನಲ್ಲಿ ತುಕ್ಕಿನ ಪೊರೆ ಇರುತ್ತದೆ. ಅದರ ಮೇಲೆ ಪಿಸ್ಟನ್ನಿನ ರಿಂಗು ಒರೆಸಿಕೊಂಡು ಓಡಿದರೆ ಗೋಡೆಗೆ ಗೀರು ಬೀಳುತ್ತದೆ, ರಿಂಗು ಮುರಿಯುತ್ತದೆ.

ಬಲ್ಲ ಮೇಸ್ತ್ರಿಗಳ ಕ್ರಮ ನಿಧಾನದ್ದು. ನಾಲ್ಕೂ ಪ್ಲಗ್ಗು ಬಿಚ್ಚಿ ಪ್ರತಿ ಸಿಲಿಂಡರಿಗೆ ಒಂದಿಷ್ಟು ಎಣ್ಣೆ ಬಿಟ್ಟು ರಾತ್ರಿಯೆಲ್ಲ ಹಾಗೇ ಇಡುತ್ತಾರೆ. ಮಾರನೆಯ ದಿನ ಕ್ರ್ಯಾಂಕಿನ ತುದಿಗೆ ಪಾನ ಹಾಕಿ ಕೈಯಿಂದಲೇ ಮೆಲ್ಲಗೆ ತಿರುಗಿಸಿ ನೋಡುತ್ತಾರೆ. ತಿರುಗಲಿಲ್ಲವೆಂದರೆ ಬಲ ಹಾಕುವುದಿಲ್ಲ, ಇನ್ನಷ್ಟು ಎಣ್ಣೆ ಬಿಟ್ಟು ಮತ್ತೆ ಕಾಯುತ್ತಾರೆ. ಸಲೀಸಾಗಿ ತಿರುಗಿತೆಂದರೆ ಹಳೆಯ ಆಯಿಲ್ ಇಳಿಸಿ ಹೊಸದನ್ನು ತುಂಬಿ, ಪ್ಲಗ್ಗಿಲ್ಲದೆಯೇ ಸ್ವಲ್ಪ ಹೊತ್ತು ತಿರುಗಿಸಿ ಎಣ್ಣೆಯನ್ನು ಬೇರಿಂಗುಗಳಿಗೆ ಮುಟ್ಟಿಸುತ್ತಾರೆ. ಕಂಪ್ರೆಷನ್ ಮೀಟರಿನ ಸರದಿ ಅದಾದ ಮೇಲೆ. ಒಂದು ಸಿಲಿಂಡರಿನಲ್ಲಿ ಒತ್ತಡ ಕಡಿಮೆ ಬಂದರೆ ಅದಕ್ಕೆ ಒಂದು ಚಮಚ ಎಣ್ಣೆ ಹಾಕಿ ಮತ್ತೆ ಅಳೆಯುತ್ತಾರೆ. ಒತ್ತಡ ಏರಿದರೆ ತಪ್ಪು ರಿಂಗಿನದು, ಏರದಿದ್ದರೆ ವಾಲ್ವಿನದು. ವಾಲ್ವ್ ಮಾತ್ರವಾದರೆ ಹೆಡ್ ಬಿಚ್ಚಿ ಕೂರಿಸಿದರೆ ಸಾಕು, ಇಡೀ ಎಂಜಿನ್ ಇಳಿಸುವ ಖರ್ಚು ಉಳಿಯಿತು.

ಡಾಲ್ಫಿನ್ನಿನ ಹೆಡ್ ಬಿಚ್ಚುವಾಗ ಮಾತ್ರ ಇನ್ನೊಂದು ಎಚ್ಚರಿಕೆ ಬೇಕು. ಈ ಎಂಜಿನ್ನಿನ ಅಲ್ಯೂಮಿನಿಯಮ್ ಬ್ಲಾಕಿನೊಳಗೆ ಎರಕದ ಕಬ್ಬಿಣದ ಲೈನರುಗಳು ಬಿಡಿಬಿಡಿಯಾಗಿ ಕೂತಿವೆ, ಅವುಗಳ ಸುತ್ತ ನೇರವಾಗಿ ನೀರು ಹರಿಯುತ್ತದೆ. ಮೇಲಿನಿಂದ ಅವನ್ನು ಅದುಮಿ ಹಿಡಿಯುವುದು ಹೆಡ್ಡೇ. ಹೆಡ್ ತೆಗೆದ ಮೇಲೆ ಲೈನರುಗಳನ್ನು ವಾಷರು, ಬೋಲ್ಟು ಹಾಕಿ ಬಿಗಿಯದೆ ಕ್ರ್ಯಾಂಕ್ ತಿರುಗಿಸಿದರೆ ಪಿಸ್ಟನ್ನಿನ ಜೊತೆ ಲೈನರೂ ಕೂದಲೆಳೆಯಷ್ಟು ಮೇಲೇಳುತ್ತದೆ, ತಳದ ಸೀಲು ಜಾಗ ಬಿಡುತ್ತದೆ. ಆಮೇಲೆ ರೇಡಿಯೇಟರಿನ ನೀರು ಆಯಿಲಿಗೆ ಇಳಿದು ಸಂಪಿನ ತುಂಬ ಹಾಲುಬಣ್ಣದ ಗಸಿ. ಒಂದು ಸಂಜೆಯಲ್ಲಿ ಮುಗಿಯಬೇಕಾದ ಕೆಲಸ ತಿಂಗಳಿಗೆ ಬೀಳುತ್ತದೆ.

ದುಡ್ಡಿನ ಸರದಿ

ಕಡಿಮೆ ಕಾಸಿನಲ್ಲಿ ಕಾರು ಎಬ್ಬಿಸುವ ಕಸುಬಿನಲ್ಲಿ ಜಾಣತನವಿರುವುದು ಖರ್ಚಿನ ಸರದಿಯಲ್ಲಿ. ಕಾರನ್ನು ನಿಲ್ಲಿಸುವ ಭಾಗಗಳಿಗೆ ಮೊದಲ ದುಡ್ಡು, ಓಡಿಸುವ ಭಾಗಗಳಿಗೆ ಎರಡನೆಯ ದುಡ್ಡು, ಚೆಂದ ಮಾಡುವ ಭಾಗಗಳಿಗೆ ಉಳಿದ ದುಡ್ಡು. ಇದನ್ನು ತಿರುವುಮುರುವು ಮಾಡಿದವರ ಕಾರುಗಳನ್ನು ಬೆಂಗಳೂರಿನ ಯಾವ ಬಡಾವಣೆಯಲ್ಲಾದರೂ ಗುರುತಿಸಬಹುದು. ಬಣ್ಣ ಫಳಫಳ, ಚಕ್ರ ಮಾತ್ರ ಕದಲುವುದಿಲ್ಲ.

ಬ್ರೇಕಿನಿಂದಲೇ ನೋಡಿದರೆ ಈ ಮಾತು ತಿಳಿಯಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದು. ನಿಂತ ಕಾರಿನಲ್ಲಿ ಆ ನೀರು ವೀಲ್ ಸಿಲಿಂಡರಿನ ಒಳಮೈಯಲ್ಲಿ ತುಕ್ಕಿನ ಕುಳಿ ಮಾಡುತ್ತದೆ, ಆ ಕುಳಿಗಳ ಮೇಲೆ ಹೊಸ ರಬ್ಬರ್ ಹಾಕಿದರೂ ಸೋರುವುದು ನಿಲ್ಲುವುದಿಲ್ಲ. ಇಡೀ ಸಿಲಿಂಡರ್ ಸಿಗದಿದ್ದಾಗ ಒಳಮೈಯನ್ನು ದೊಡ್ಡದಾಗಿ ಕೊರೆಸಿ, ಹಿತ್ತಾಳೆಯ ಇಲ್ಲವೇ ಸ್ಟೇನ್‌ಲೆಸ್ ಉಕ್ಕಿನ ಸ್ಲೀವ್ ಕೂರಿಸಿ ಮೊದಲಿನ ಅಳತೆಗೆ ತರುತ್ತಾರೆ. ಹೀಗೆ ಮಾಡಿದ ಸಿಲಿಂಡರ್ ಹೊಸದಕ್ಕಿಂತ ಹೆಚ್ಚು ಬಾಳುವುದೂ ಉಂಟು. ಸವೆದ ಶೂಗಳಿಗೆ ಹೊಸ ಲೈನಿಂಗ್ ರಿವೆಟ್ ಹೊಡೆಸುತ್ತಾರೆ. ರಬ್ಬರ್ ಹೋಸುಗಳಲ್ಲಿ ಮಾತ್ರ ಯಾರೂ ಚೌಕಾಸಿ ಮಾಡುವುದಿಲ್ಲ. ಹೊರಗೆ ಚೆನ್ನಾಗಿ ಕಂಡರೂ ಹಳೆಯ ಹೋಸು ಒಳಗೆ ಊದಿಕೊಂಡಿರುತ್ತದೆ. ಅದುಮಿದಾಗ ಹಿಡಿದ ಬ್ರೇಕು ಬಿಟ್ಟಾಗ ಬಿಡುವುದಿಲ್ಲ.

ಟೈರಿನ ಮಾತೂ ಅಷ್ಟೇ. ಪಕ್ಕೆಯ ಮೇಲಿನ ನಾಲ್ಕಂಕಿಯಲ್ಲಿ ಮೊದಲೆರಡು ವಾರ, ಕೊನೆಯೆರಡು ವರ್ಷ. ‘2319’ ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ನಿಂತಲ್ಲೇ ನಿಂತ ಕಾರಿನ ಟೈರಿನಲ್ಲಿ ಗೆರೆ ಎಷ್ಟೇ ಆಳವಾಗಿದ್ದರೂ ರಬ್ಬರು ಕಲ್ಲಾಗಿರುತ್ತದೆ. ಮಳೆಯಲ್ಲಿ ಅದು ರಸ್ತೆ ಹಿಡಿಯುವುದಿಲ್ಲ.

ಇನ್ನು ಪೆಟ್ರೋಲಿನ ದಾರಿ. ಟ್ಯಾಂಕಿನಲ್ಲಿ ಉಳಿದ ಹಳೆಯ ಪೆಟ್ರೋಲು ಅಂಟಾಗಿ, ವಾರ್ನಿಷಿನ ವಾಸನೆ ಹೊಡೆಯುತ್ತಿರುತ್ತದೆ. ಅದನ್ನು ತೆಗೆದು, ಒಂದು ಹಿಡಿ ನಟ್ಟು, ಒಂದಿಷ್ಟು ಸೀಮೆಎಣ್ಣೆ ಹಾಕಿ ಟ್ಯಾಂಕನ್ನು ಕುಲುಕಿ ತುಕ್ಕು ಉದುರಿಸುವುದು ಗ್ಯಾರೇಜಿನ ಹಳೆಯ ಉಪಾಯ. ಟ್ಯಾಂಕು ತೂತಾಗಿದ್ದರೆ ಬೆಸುಗೆಗೆ ಮುನ್ನ ಒಳಗಿನ ಆವಿಯನ್ನು ಪೂರ್ತಿ ಹೊರಹಾಕಲೇಬೇಕು. ಖಾಲಿ ಟ್ಯಾಂಕಿನಲ್ಲಿರುವ ಪೆಟ್ರೋಲಿನ ಆವಿ ತುಂಬಿದ ಟ್ಯಾಂಕಿಗಿಂತ ಅಪಾಯಕಾರಿ.

ಇದರ ಜೊತೆಗೆ ಈ ಕಾಲದ ಹೊಸ ತೊಡಕೊಂದಿದೆ. ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲಿಗೆ ಪ್ರಧಾನಿ ಚಾಲನೆ ಕೊಟ್ಟದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಈಗ ದೇಶದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥನಾಲ್ ತೇವ ಹೀರುತ್ತದೆ, ಹಳೆಯ ರಬ್ಬರ್ ಪೈಪು, ವಾಷರು, ಪಂಪಿನ ಪರದೆಯನ್ನು ಮೆತ್ತಗೆ ಮಾಡಿ ಒಡೆಯುತ್ತದೆ. ಅದಕ್ಕೆಂದು 1980ರ ದಶಕದ ಕಾರುಗಳಲ್ಲಿ ಎಥನಾಲ್ ತಾಳುವ ಪೈಪುಗಳನ್ನು ಹಾಕಿಸುವುದು, ಕಾರ್ಬುರೇಟರಿನ ಜೆಟ್ಟು ಒಂಚೂರು ದೊಡ್ಡದು ಮಾಡಿಸುವುದು, ಕಾರು ನಿಲ್ಲಿಸುವ ಮುನ್ನ ಪೆಟ್ರೋಲು ಖಾಲಿ ಮಾಡುವುದು ಈಗ ರೂಢಿಯಾಗುತ್ತಿದೆ. ಪೆಟ್ರೋಲ್ ಸೋರಿ ಬಿಸಿ ಸೈಲೆನ್ಸರಿನ ಮೇಲೆ ಬಿದ್ದರೆ ಫೈಬರ್ ಮೈಯ ಕಾರು ನಿಮಿಷಗಳಲ್ಲಿ ಹೊತ್ತಿ ಉರಿಯುತ್ತದೆ. ಪೈಪಿಗೆ ಹಾಕುವ ನೂರಾರು ರೂಪಾಯಿ ಇಡೀ ಕಾರನ್ನು ಕಾಯುತ್ತದೆ.

ತಂಪಿನ ವ್ಯವಸ್ಥೆಯಲ್ಲಿ ಶತ್ರು ಬೋರ್‌ವೆಲ್ ನೀರು. ಅದರ ಸುಣ್ಣ ರೇಡಿಯೇಟರಿನ ಕೊಳವೆಗಳನ್ನು ಕಟ್ಟುತ್ತದೆ, ಅದರ ಲವಣ ಅಲ್ಯೂಮಿನಿಯಮ್ ಹೆಡ್ಡನ್ನು ತಿನ್ನುತ್ತದೆ. ಒಮ್ಮೆ ಕಾದು ಕುದಿದರೆ ಅಲ್ಯೂಮಿನಿಯಮ್ ಹೆಡ್ ಬಾಗುತ್ತದೆ, ಗ್ಯಾಸ್ಕೆಟ್ ಹೊಡೆಯುತ್ತದೆ. ಆದ್ದರಿಂದ ರೇಡಿಯೇಟರಿಗೆ ಹೊಸ ಕೋರ್ ಹಾಕಿಸಿ, ಬಟ್ಟಿ ಇಳಿಸಿದ ನೀರು ಮತ್ತು ಕೂಲೆಂಟ್ ತುಂಬುವುದಕ್ಕೆ ಮಾಡುವ ಖರ್ಚು ಎಂಜಿನ್ ಕೆಲಸಕ್ಕಿಂತಲೂ ಮೊದಲು ಬರುತ್ತದೆ.

ವೈರಿಂಗಿನಲ್ಲೂ ಫೈಬರ್ ಕಾರಿನದು ಬೇರೆಯದೇ ಲೋಕ. ತಗಡಿನ ಕಾರಿನಲ್ಲಿ ಮೈಯೇ ಅರ್ಥಿಂಗ್ ಆಗಿ ಕೆಲಸ ಮಾಡುತ್ತದೆ. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದ್ದರಿಂದ ಪ್ರತಿ ದೀಪಕ್ಕೂ ಹಿಂತಿರುಗುವ ತಂತಿಯೊಂದು ಬೇಕು. ಎಡಕ್ಕೆ ತಿರುಗುವ ದೀಪ ಹಾಕಿದರೆ ಬ್ರೇಕ್ ಲೈಟು ಮಿನುಗುವ ಡಾಲ್ಫಿನ್ ಕಂಡರೆ ಎಲೆಕ್ಟ್ರಿಷಿಯನ್ ಮೊದಲು ನೋಡುವುದು ಹಿಂದಿನ ಡಿಕ್ಕಿಯೊಳಗೆ ಹಸಿರುಗಟ್ಟಿದ ಅರ್ಥಿಂಗ್ ಬೋಲ್ಟನ್ನು. ಮರಳುಕಾಗದದಲ್ಲಿ ಉಜ್ಜಿ ಬಿಗಿದರೆ ಎಷ್ಟೋ ಸಲ ದೋಷ ಅಲ್ಲೇ ಮುಗಿಯುತ್ತದೆ, ಖರ್ಚಿಲ್ಲದೆ.

ಫೈಬರ್ ಮೇಸ್ತ್ರಿಯ ಕೈ

ಡಾಲ್ಫಿನ್ನಿನ ಬಾಗಿಲು ಭಾರ, ಕೀಲು ಸಣ್ಣದು. ವರ್ಷಗಳ ಕಾಲ ಎಳೆದು ಬಡಿದು ಕೀಲಿನ ಸುತ್ತ ನಕ್ಷತ್ರದಂತೆ ಬಿರುಕು ಬಿಟ್ಟಿರುತ್ತದೆ. ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಆರು ತಿಂಗಳಲ್ಲಿ ಅದೇ ನಕ್ಷತ್ರ ಮತ್ತೆ ಮೂಡುತ್ತದೆ. ಸರಿಯಾದ ಕೆಲಸ ಹಿಂಬದಿಯಿಂದ ಶುರುವಾಗುತ್ತದೆ.

ಮೇಸ್ತ್ರಿ ಮೊದಲು ಬಿರುಕಿನ ಉದ್ದಕ್ಕೂ ಗ್ರೈಂಡರಿನಿಂದ ಇಳಿಜಾರಾಗಿ ಕೆರೆದು, ಸತ್ತ ಫೈಬರನ್ನೆಲ್ಲ ತೆಗೆಯುತ್ತಾರೆ. ಬಿಳಿ ದೂಳು ಅಂಗಡಿಯೆಲ್ಲ ತುಂಬುತ್ತದೆ. ಗಾಜಿನ ಈ ಎಳೆಗಳು ಚರ್ಮಕ್ಕೆ ನಾಟಿದರೆ ರಾತ್ರಿಯೆಲ್ಲ ತುರಿಕೆ, ಶ್ವಾಸಕ್ಕೆ ಹೋದರೆ ಇನ್ನೂ ಕೇಡು. ಮುಖಕ್ಕೆ ಮಾಸ್ಕ್, ಕೈಗೆ ಉದ್ದ ತೋಳಿನ ಅಂಗಿ ಇಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಆಮೇಲೆ ಗಾಜಿನ ನಾರಿನ ಚಾಪೆಯನ್ನು ಕತ್ತರಿಯಿಂದ ಚಿಕ್ಕದು, ಅದಕ್ಕಿಂತ ದೊಡ್ಡದು, ಇನ್ನೂ ದೊಡ್ಡದು ಎಂದು ತುಂಡು ಮಾಡಿಟ್ಟುಕೊಳ್ಳುತ್ತಾರೆ. ಪಾಲಿಯೆಸ್ಟರ್ ರೆಸಿನ್ನಿಗೆ ಮೊದಲು ಕೋಬಾಲ್ಟ್ ಕಲಸಿ, ಅದು ಪೂರ್ತಿ ಬೆರೆತ ಮೇಲಷ್ಟೇ ಹಾರ್ಡನರ್ ಹಾಕುತ್ತಾರೆ. ಈ ಎರಡನ್ನು ನೇರವಾಗಿ ಒಂದಕ್ಕೊಂದು ತಾಗಿಸಿದರೆ ಸ್ಫೋಟವಾಗುವ ಅಪಾಯವಿದೆಯೆಂಬುದು ಕಸುಬಿನ ಮೊದಲ ಪಾಠ.

ಹಾರ್ಡನರ್ ಬಿದ್ದ ಮೇಲೆ ಸಮಯ ಓಡುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಡಬ್ಬಿಯಲ್ಲಿದ್ದ ರೆಸಿನ್ನು ನೋಡನೋಡುತ್ತ ಗಟ್ಟಿಯಾಗುತ್ತದೆ, ಡಿಸೆಂಬರ್ ಬೆಳಗ್ಗೆ ಅದೇ ಅಳತೆ ಗಂಟೆ ಕಾದರೂ ಅಂಟಂಟಾಗಿಯೇ ಇರುತ್ತದೆ. ಹವೆ ನೋಡಿ ಹನಿ ಲೆಕ್ಕ ಬದಲಿಸುವುದು ಅನುಭವದಿಂದಲೇ ಬರಬೇಕು. ಮೇಸ್ತ್ರಿ ಬ್ರಷ್ಷನ್ನು ಎಳೆಯುವುದಿಲ್ಲ, ಚುಚ್ಚಿ ಚುಚ್ಚಿ ಒತ್ತುತ್ತಾರೆ. ಎಳೆದರೆ ನಾರು ಜರುಗುತ್ತದೆ. ಬಿಳಿಯಾಗಿದ್ದ ಚಾಪೆ ರೆಸಿನ್ ಕುಡಿದು ಪಾರದರ್ಶಕವಾದಾಗ ಸಣ್ಣ ಕಬ್ಬಿಣದ ರೋಲರ್ ಉರುಳಿಸಿ ಒಳಗಿನ ಗಾಳಿಗುಳ್ಳೆಗಳನ್ನು ಅಂಚಿಗೆ ತಳ್ಳುತ್ತಾರೆ. ಒಂದು ಗುಳ್ಳೆ ಉಳಿದರೂ ಬಿಸಿಲಿಗೆ ನಿಂತಾಗ ಅದು ಹಿಗ್ಗಿ ಬಣ್ಣವನ್ನು ಎತ್ತುತ್ತದೆ. ಹಿಂಬದಿ ಗಟ್ಟಿಯಾದ ಮೇಲೆ ಮುಂಬದಿ ತುಂಬಿ, ದೊರಗು ಕಾಗದದಿಂದ ನಯ ಕಾಗದದವರೆಗೆ ನೀರು ಹಾಕಿ ಉಜ್ಜಿ, ಕಣ್ಣು ಮುಚ್ಚಿ ಅಂಗೈ ಆಡಿಸಿ ನೋಡುತ್ತಾರೆ. ಕಣ್ಣಿಗೆ ಕಾಣದ ತಗ್ಗು ಅಂಗೈಗೆ ಸಿಗುತ್ತದೆ.

ಇವರು ಕಾರು ಕಂಪನಿಯಲ್ಲಿ ಕಲಿತವರಲ್ಲ. ಬಸ್ಸಿನ ಮುಖ, ಆಟೊರಿಕ್ಷಾದ ಭಾಗ, ನೀರಿನ ತೊಟ್ಟಿ ಮಾಡುತ್ತ ಕೈ ಪಳಗಿಸಿಕೊಂಡವರು. ಅವರ ಕೂಲಿ ತಗಡಿನ ಟಿಂಕರಿಂಗಿಗಿಂತ ಕಡಿಮೆಯೇ. ಡಾಲ್ಫಿನ್ ಇಟ್ಟುಕೊಂಡವರಿಗೆ ಇದೊಂದು ದೊಡ್ಡ ಅನುಕೂಲ.

ಜೆ.ಸಿ. ರಸ್ತೆಯಿಂದ ಪೀಣ್ಯಕ್ಕೆ

ತಯಾರಕರೇ ಇಲ್ಲದ ಕಾರಿಗೆ ಬಿಡಿಭಾಗ ಎಲ್ಲಿಂದ? ಜಯಚಾಮರಾಜೇಂದ್ರ ರಸ್ತೆ, ಕಲಾಸಿಪಾಳ್ಯದ ಅಂಗಡಿಗಳ ಸಾಲು ಇದಕ್ಕೆ ಮೊದಲ ನಿಲ್ದಾಣ, ಶಿವಾಜಿನಗರದ ಗುಜರಿ ಎರಡನೆಯದು. ಅಲ್ಲಿ ‘ಡಾಲ್ಫಿನ್ನಿನ ವೀಲ್ ಬೇರಿಂಗ್ ಇದೆಯಾ’ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಹಳೆಯ ಬೇರಿಂಗ್ ತೊಳೆದು, ಅದರ ಅಂಚಿನ ಮೇಲೆ ಕೆತ್ತಿದ ಸಂಖ್ಯೆ ಓದಿ ಹೇಳಿದರೆ ಅಂಗಡಿಯವರು ಡಬ್ಬಿ ತೆಗೆಯುತ್ತಾರೆ. ಬೇರಿಂಗುಗಳ ಅಳತೆ ಜಗತ್ತಿನಾದ್ಯಂತ ಒಂದೇ. 6203 ಎಂದರೆ ಒಳವ್ಯಾಸ 17, ಹೊರವ್ಯಾಸ 40, ಅಗಲ 12 ಮಿಲಿಮೀಟರ್. ಅದು ಯಾವ ಗಾಡಿಯದಾದರೂ ಸರಿ, ಯಾವ ದೇಶದಲ್ಲಾದರೂ ಸರಿ. ಆಯಿಲ್ ಸೀಲಿಗೂ ಹೀಗೆಯೇ ಮೂರು ಅಳತೆ ಸಾಕು. ಒಂದು ವರ್ನಿಯರ್ ಕ್ಯಾಲಿಪರ್ ಮತ್ತು ಒಂದು ನೋಟ್‌ಬುಕ್ ಇದ್ದವರು ಅರ್ಧ ಬಿಡಿಭಾಗದ ಸಮಸ್ಯೆ ಗೆದ್ದಂತೆ.

ಉಳಿದರ್ಧಕ್ಕೆ ಈ ಊರಿನ ಕೈಗಾರಿಕೆಯ ಚರಿತ್ರೆ ನೆರವಿಗೆ ಬರುತ್ತದೆ. 1940ರಲ್ಲಿ ಎಚ್‌ಎಎಲ್, 1953ರಲ್ಲಿ ಎಚ್‌ಎಂಟಿ ಬಂದ ಮೇಲೆ ಬೆಂಗಳೂರಿನಲ್ಲಿ ಟರ್ನರ್, ಫಿಟ್ಟರ್, ಮಿಲ್ಲರ್‌ಗಳ ತಲೆಮಾರುಗಳೇ ಬೆಳೆದವು. 1951ರಲ್ಲಿ ಸ್ಥಾಪನೆಯಾಗಿ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ, ಅಂದರೆ ಇಂದಿನ ಬಾಷ್ ಕಂಪನಿ, ಸ್ಪಾರ್ಕ್ ಪ್ಲಗ್ ಮಾಡುತ್ತಲೇ ನಿಖರತೆಯ ಪಾಠ ಹೇಳಿತು. ಆ ಕಾರ್ಖಾನೆಗಳಿಂದ ಹೊರಬಂದವರು ಪೀಣ್ಯದಲ್ಲಿ ಸಣ್ಣ ಸಣ್ಣ ಷೆಡ್ಡು ಹಾಕಿ ಲೇತು ನಿಲ್ಲಿಸಿದರು. ಸವೆದ ಗನ್‌ಮೆಟಲ್ ಬುಷ್ ಒಂದನ್ನು ಮಾದರಿಗೆ ಕೊಟ್ಟರೆ ಅಂಥದೇ ಇನ್ನೊಂದನ್ನು ಸಂಜೆಯೊಳಗೆ ತಿರುಗಿಸಿಕೊಡುವ ಕೈಗಳು ಅಲ್ಲಿವೆ. ಬೇರೆ ಊರಿನಲ್ಲಿ ಇಡೀ ಗೇರ್‌ಬಾಕ್ಸ್ ಹುಡುಕಬೇಕಾದಲ್ಲಿ ಇಲ್ಲಿ ಒಂದು ಬುಷ್ ಸಾಕು.

ಎಂಜಿನ್ನಿನ ಒಳಭಾಗಗಳಿಗೆ ಬ್ರಿಟನ್ ಇದೆ. ಅಲ್ಲಿನ 750 ಮೋಟಾರ್ ಕ್ಲಬ್ ಕಡಿಮೆ ಖರ್ಚಿನ ರೇಸಿಂಗಿಗೆ ಹೆಸರಾದ ಸಂಘ. ಅದರ 750 ಫಾರ್ಮುಲಾ ರೇಸುಗಳಲ್ಲಿ ರಿಲಯಂಟ್‌ನ ಇದೇ ಅಲ್ಯೂಮಿನಿಯಮ್ ಎಂಜಿನ್ ವರ್ಷಗಳ ಕಾಲ ಓಡಿತು. ರಿಲಯಂಟ್‌ನ ಮೂರು ಗಾಲಿಯ ‘ರಾಬಿನ್’ ಕಾರಿನಲ್ಲೂ ಇದೇ ಎಂಜಿನ್ ಇತ್ತು. ಹೀಗಾಗಿ ಅಲ್ಲಿನ ಮಾಲೀಕರ ಸಂಘಗಳಲ್ಲಿ ಗ್ಯಾಸ್ಕೆಟ್, ರಿಂಗು, ಲೈನರುಗಳ ಜ್ಞಾನವೂ ಸಾಮಗ್ರಿಯೂ ಉಳಿದುಕೊಂಡಿದೆ. ಸಾಗಣೆ, ಸುಂಕ ಸೇರಿದರೆ ಬೆಲೆ ಏರುತ್ತದೆ ನಿಜ. ಇಲ್ಲಿ ಮಾಡಿಸಲಾಗದ ಒಂದೆರಡು ಭಾಗಗಳಿಗೆ ಮಾತ್ರ ಅಲ್ಲಿಗೆ ಕೈಚಾಚಿದರೆ ಬಜೆಟ್ ಹಳಿ ತಪ್ಪುವುದಿಲ್ಲ.

ಆರ್‌ಟಿಒ ಬಾಗಿಲಲ್ಲಿ

ಎಂಜಿನ್ ಶುರುವಾದ ಮಾತ್ರಕ್ಕೆ ಕಾರು ರಸ್ತೆಗೆ ಬಂದಂತಲ್ಲ. ಮೋಟಾರು ವಾಹನ ಕಾಯ್ದೆಯಂತೆ ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ. ಅದಾದ ಮೇಲೆ ಪರೀಕ್ಷೆಗೆ ಒಡ್ಡಿ ಐದೈದು ವರ್ಷಕ್ಕೆ ನವೀಕರಿಸಬೇಕು. 600 ರೂಪಾಯಿ ಇದ್ದ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರುಗಳಿಗೆ ಅದನ್ನು 10,000ಕ್ಕೆ ಏರಿಸಲಾಯಿತು. ಕರ್ನಾಟಕದಲ್ಲಿ ಹಸಿರು ತೆರಿಗೆಯೂ ಉಂಟು, ಮೂರನೆಯವರ ವಿಮೆಯಂತೂ ಕಡ್ಡಾಯ. ಬಿಗಿ ಬಜೆಟ್ಟಿನವರು ಈ ಮೊತ್ತವನ್ನು ಮೊದಲ ದಿನವೇ ಬದಿಗಿಡಬೇಕು.

ತಪಾಸಣೆಗೆ ಹೋದಾಗ ಚಾಸಿ ನಂಬರು, ಎಂಜಿನ್ ನಂಬರು ಆರ್‌ಸಿಯ ಜೊತೆ ತಾಳೆಯಾಗಬೇಕು. ಮಾರುತಿ ಎಂಜಿನ್ ಕೂರಿಸಿದರೆ ಬಿಡಿಭಾಗದ ತಲೆನೋವು ತಪ್ಪುತ್ತದೆಂದು ಯೋಚಿಸುವವರು ಕಾಯ್ದೆಯ 52ನೇ ಕಲಮನ್ನು ಓದಿಕೊಳ್ಳುವುದು ಮೇಲು. ತಯಾರಕರು ಕೊಟ್ಟ ರೂಪವನ್ನು ಮನಬಂದಂತೆ ಬದಲಿಸಲು ಕಾನೂನು ಬಿಡುವುದಿಲ್ಲ. ಬಣ್ಣ ಬದಲಾದರೂ ಆರ್‌ಸಿಯಲ್ಲಿ ಕಾಣಿಸಬೇಕು. ಹೊಗೆ ಪರೀಕ್ಷೆಯಲ್ಲಿ ಈ ತಲೆಮಾರಿನ ಪೆಟ್ರೋಲ್ ಕಾರಿಗೆ ಇಂಗಾಲದ ಮಾನಾಕ್ಸೈಡಿನ ಮಿತಿ ಶೇಕಡಾ 3. ಸರಿಯಾಗಿ ಟ್ಯೂನ್ ಮಾಡಿದ ಕಾರ್ಬುರೇಟರಿಗೆ ಅದು ಕಷ್ಟವೇನಲ್ಲ.

ದೆಹಲಿ ಸುತ್ತಿನ ಪ್ರದೇಶದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ಕಾರುಗಳ ಮೇಲೆ ಬಂದ ನಿರ್ಬಂಧದಂಥದ್ದು ಕರ್ನಾಟಕದಲ್ಲಿಲ್ಲ. ಇಲ್ಲಿ ಕಾರಿನ ವಯಸ್ಸಿಗಿಂತ ಅದರ ಸ್ಥಿತಿಯೇ ಮುಖ್ಯ. ಹಳೆಯ ಕಾರು ಪ್ರೀತಿಸುವವರಿಗೆ ಇದು ದೊಡ್ಡ ಭಾಗ್ಯ, ಅಷ್ಟೇ ದೊಡ್ಡ ಹೊಣೆ ಕೂಡ. ಹೊಗೆ ಉಗುಳುತ್ತ, ಬ್ರೇಕಿಲ್ಲದೆ ತೂರಾಡುವ ಒಂದೊಂದು ಹಳೆಯ ಕಾರೂ ಮಿಕ್ಕ ಕಾರುಗಳ ಮೇಲೆ ನಿಷೇಧವನ್ನು ಹತ್ತಿರ ತರುತ್ತದೆ.

2032ರ ಕಡೆಗೆ

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ತುಂಬಿದ, ಮೂಲ ರೂಪ ಉಳಿಸಿಕೊಂಡ ವಾಹನಕ್ಕೆ 20,000 ರೂಪಾಯಿ ಶುಲ್ಕದಲ್ಲಿ ‘ವಿಎ’ ಅಕ್ಷರಗಳ ವಿಶೇಷ ನಂಬರು ಸಿಗುತ್ತದೆ. ಅದರ ಅವಧಿ ಹತ್ತು ವರ್ಷ. ಮೇಳ, ರ‍್ಯಾಲಿ, ಪ್ರದರ್ಶನ, ದುರಸ್ತಿಗೆ ಅಂಥ ವಾಹನ ಓಡಬಹುದು, ದಿನನಿತ್ಯದ ಓಡಾಟಕ್ಕೆ ಮಾತ್ರ ಇಲ್ಲ. ಬೆಂಗಳೂರಿನ ಮೊದಲ ಡಾಲ್ಫಿನ್‌ಗಳಿಗೆ 50 ತುಂಬುವುದು 2032ರಲ್ಲಿ.

ಅಲ್ಲಿಯವರೆಗೆ ಮಾಡಬೇಕಾದ ಕೆಲಸ ಬಹಳವಿದೆ. ಮೂಲ ಫೈಬರ್ ಭಾಗಗಳು ಉಳಿದಿರುವಾಗಲೇ ಅವುಗಳಿಂದ ಅಚ್ಚು ತೆಗೆದಿಡಬೇಕು. ಬಂಪರ್, ಬಾನೆಟ್, ದೀಪದ ಗೂಡುಗಳ ಅಚ್ಚು ಒಮ್ಮೆ ಆಯಿತೆಂದರೆ ಮುಂದಿನ ಪ್ರತಿ ಕಾರಿಗೂ ಅದು ಆಗಿಬರುತ್ತದೆ, ಖರ್ಚು ಹತ್ತು ಜನರಲ್ಲಿ ಹಂಚಿಹೋಗುತ್ತದೆ. ಬೇರಿಂಗ್, ಸೀಲು, ಬ್ರೇಕ್ ರಬ್ಬರುಗಳ ಅಳತೆಯ ಪಟ್ಟಿಯೊಂದು ಕನ್ನಡದಲ್ಲಿ ಬರಬೇಕು. ಅದನ್ನು ಬರೆಯಬಲ್ಲವರು ಜೆ.ಸಿ. ರಸ್ತೆಯ ಕೌಂಟರುಗಳ ಹಿಂದೆ, ಪೀಣ್ಯದ ಲೇತುಗಳ ಮುಂದೆ ಇನ್ನೂ ಇದ್ದಾರೆ, ಅವರಿಗೂ ವಯಸ್ಸಾಗುತ್ತಿದೆ. ಧರ್ಮಸ್ಥಳದ ಕಾರು ಸಂಗ್ರಹಾಲಯ, ಶ್ರೀರಂಗಪಟ್ಟಣದ ಬಳಿಯ ‘ಪಯಣ’ದಂಥ ಸಂಗ್ರಹಗಳು ಕಾರುಗಳನ್ನು ಕಾಪಾಡುತ್ತಿವೆ. ಅವನ್ನು ಓಡಿಸುವ ವಿದ್ಯೆಯನ್ನು ಕಾಪಾಡುವ ಕೆಲಸ ಗ್ಯಾರೇಜುಗಳದು. ಐಟಿಐ ಮುಗಿಸಿದ ಹುಡುಗನೊಬ್ಬ ವಾರಕ್ಕೊಂದು ಸಂಜೆ ಅಂಥ ಗ್ಯಾರೇಜಿನಲ್ಲಿ ಕಳೆದರೆ ಕಾರ್ಬುರೇಟರ್ ಬಿಚ್ಚುವುದು, ಪಾಯಿಂಟ್ ಹೊಂದಿಸುವುದು, ಲೈನರ್ ಕೂರಿಸುವುದು ವರ್ಷದೊಳಗೆ ಕೈಗೆ ಬರುತ್ತದೆ. ಹೊಸ ಕಾರುಗಳಲ್ಲಿ ಈ ಯಾವುದೂ ಕಲಿಯಲು ಸಿಗುವುದಿಲ್ಲ, ಹಳೆಯ ಕಾರಿಟ್ಟುಕೊಂಡವರು ಈ ಕೆಲಸ ಬಲ್ಲವರನ್ನು ಈಗಾಗಲೇ ಹುಡುಕಿಕೊಂಡು ಅಲೆಯುತ್ತಿದ್ದಾರೆ.